ಮಂಚದಡಿಯ ಜಿಪ್ಸಿ

ಈಚೆಗೆ ಜಿಪ್ಸಿ ಇಟ್ಟುಕೊಂಡಿರೋ ಗೆಳೆಯರ ಮನೆಗೆ ಹೋದರೆ ಕಾಫಿಗಿಂತ ಮುಂಚೆ ಒಂದು ಪ್ರದರ್ಶನ ಇರುತ್ತೆ. ಮಂಚದಡಿಯಿಂದ, ಅಟ್ಟದಿಂದ, ಬಾಲ್ಕನಿಯ ಬೀರುವಿನಿಂದ ಒಂದೊಂದೇ ಡಬ್ಬ ಹೊರಗೆ ಬರುತ್ತೆ. ಮೂರು ಕ್ಲಚ್ ಪ್ಲೇಟು, ನಾಲ್ಕು ಟೈಮಿಂಗ್ ಬೆಲ್ಟು, ಪ್ಲಾಸ್ಟಿಕ್ ಬಿಚ್ಚದ ಬೇರಿಂಗು, ಬ್ರೇಕ್ ಆಯಿಲ್ ಬಾಟಲಿಗಳ ಸಾಲು. "ಇನ್ನು ಹದಿನೈದು ವರ್ಷ ಚಿಂತೆ ಇಲ್ಲ ಗುರೂ" ಅಂತ ಎದೆ ಉಬ್ಬಿಸುತ್ತಾರೆ. ಎಲ್ಲರೂ ಭೇಷ್ ಅನ್ನುತ್ತಾರೆ. ನನಗೆ ಮಾತ್ರ ಭೇಷ್ ಅನ್ನೋಕೆ ಮನಸ್ಸು ಬರೋದಿಲ್ಲ. ಯಾಕೆ ಅಂತ ಇವತ್ತು ಬರೆದೇ ಬಿಡ್ತೀನಿ.

ಮೊದಲಿಗೆ, ಅವರ ಭಯ ಸುಳ್ಳಲ್ಲ. 1985ರಲ್ಲಿ 970 ಸಿಸಿ ಎಂಜಿನ್ನಿನ ಜೊತೆ ಬಂದ ಮಾರುತಿ ಜಿಪ್ಸಿ, ಆಮೇಲೆ 1.3 ಲೀಟರಿನದಾಗಿ, ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲರನ್ನೂ ಹೊತ್ತು, 2019ರ ಹೊತ್ತಿಗೆ ನಮ್ಮಂಥ ಸಾಮಾನ್ಯರಿಗೆ ಸಿಗೋದು ನಿಂತುಹೋಯ್ತು. 2023ರಲ್ಲಿ ಜಿಮ್ನಿ ಬಂತು ನಿಜ, ಆದರೆ ಅದರದ್ದು 1.5 ಲೀಟರ್ ಎಂಜಿನ್, ಕಾಯಿಲ್ ಸ್ಪ್ರಿಂಗು. ನಮ್ಮ ಲೀಫ್ ಸ್ಪ್ರಿಂಗಿನ ಮುದುಕನಿಗೆ ಅದರ ಸಾಮಾನು ಆಗಿಬರೋದಿಲ್ಲ. ಎಂಜಿನ್ನಿನ ಮಟ್ಟಿಗೆ ಎಸ್ಟೀಮ್ ಕಾರು ಜಿಪ್ಸಿಯ ದಾಯಾದಿ, ಹಾಗಾಗಿ ಅಲ್ಲಿಂದ ಇಲ್ಲಿಂದ ಏನಾದರೂ ಹೊಂದಿಸಬಹುದು. ಫೋರ್ ವೀಲ್ ಡ್ರೈವಿನ ಟ್ರಾನ್ಸ್‌ಫರ್ ಕೇಸಿಗೆ, ಮುಂದಿನ ಆಕ್ಸಲಿಗೆ ಅಂಥ ನೆಂಟರೇ ಇಲ್ಲ. ಭಯ ಆಗೋದು ಸಹಜ. ನನ್ನ ಹತ್ತಿರವೂ 2004ರದ್ದೊಂದು ಜಿಪ್ಸಿ ಇದೆ, ನನಗೂ ಆ ಭಯ ಇದೆ.

ಆದರೆ ಭಯಕ್ಕೆ ಮಂಚದಡಿ ಮದ್ದಲ್ಲ.

ಒಂದನೇ ಮಾತು. ಸಾಮಾನಿಗೂ ವಯಸ್ಸಾಗುತ್ತೆ ಸ್ವಾಮಿ. ಗಾಡಿಗೆ ಹಾಕದಿದ್ದರೆ ಅದು ಹೊಸದಾಗಿಯೇ ಇರುತ್ತೆ ಅನ್ನೋದು ನಮ್ಮ ಭ್ರಮೆ. ಟೈಮಿಂಗ್ ಬೆಲ್ಟು, ರೇಡಿಯೇಟರ್ ಹೋಸು, ಆಯಿಲ್ ಸೀಲು, ಬುಶ್ಶು ಎಲ್ಲ ರಬ್ಬರು. ಬಿಸಿಗೆ, ಗಾಳಿಗೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚು ಹಾಕಿರ್ತಾರಲ್ಲ, 2319 ಅಂದರೆ 2019ರ 23ನೇ ವಾರ ಅಂತ, ಅದು ಯಾಕೆ ಅಂದುಕೊಂಡಿದ್ದೀರಿ? ಇನ್ನು ಬ್ರೇಕ್ ಆಯಿಲ್ಲು. ಅದು ಗಾಳಿಯಲ್ಲಿನ ತೇವ ಹೀರುತ್ತೆ. ಡಾಟ್ 3 ದರ್ಜೆಯ ಹೊಸ ಆಯಿಲ್ಲು ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ತೇವ ಹೀರಿದ್ದಕ್ಕೆ ಅದೇ ದರ್ಜೆಯಲ್ಲಿ 140 ಡಿಗ್ರಿ ತಡೆದರೆ ಸಾಕು. ಅರ್ಧ ಬಳಸಿ ಮುಚ್ಚಳ ತಿರುಗಿಸಿಟ್ಟ ಬಾಟಲಿಯನ್ನು ಮೂರು ಮಳೆಗಾಲ ಆದಮೇಲೆ ತೆಗೆದು ಸುರಿದುಕೊಂಡು ಚಾರ್ಮಾಡಿ ಇಳಿಯೋಕೆ ಹೊರಟರೆ, ಬ್ರೇಕು ಕಾದು ಆಯಿಲ್ಲು ಕುದಿದು ಪೆಡಲ್ಲು ಹತ್ತಿಯ ಹಾಗೆ ಒಳಗೆ ಹೋಗುತ್ತೆ. ಉಳಿಸಿದ್ದು ಇನ್ನೂರು ರೂಪಾಯಿ, ಪಣಕ್ಕಿಟ್ಟದ್ದು ಗಾಡಿಯಲ್ಲಿದ್ದ ಅಷ್ಟೂ ಜನರನ್ನು. ನಮ್ಮ ಕೆಲಸದಲ್ಲಿ ಪರೀಕ್ಷೆ ಮಾಡದ ಬ್ಯಾಕಪ್ಪನ್ನು ಯಾರೂ ನಂಬೋದಿಲ್ಲ. ಗಾಡಿ ವಿಷಯ ಬಂದ ಕೂಡಲೇ ಆ ಬುದ್ಧಿ ಎಲ್ಲಿ ಹೋಗುತ್ತೋ!

ಎರಡನೇ ಮಾತು. ಗಾಡಿ ಕೆಡೋದು ಮನೆ ಮುಂದೆ ಅಲ್ಲ. ಅದು ಕೆಡೋದು ಸಕಲೇಶಪುರದ ಆಚೆ ಯಾವುದೋ ಎಸ್ಟೇಟ್ ರಸ್ತೆಯ ಕೆಸರಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ. ಆಗ ನಿಮ್ಮ ಮೂರು ಕ್ಲಚ್ ಪ್ಲೇಟು ಬೆಂಗಳೂರಿನ ನಾಲ್ಕನೇ ಮಹಡಿಯ ಮಂಚದಡಿ ಬೆಚ್ಚಗೆ ಮಲಗಿರುತ್ತೆ. ಅಲ್ಲೇ ಕೈಯಲ್ಲಿದ್ದಿದ್ದರೂ ಗೇರ್‌ಬಾಕ್ಸ್ ಇಳಿಸಿ ಹಾಕೋಕೆ ಕೆಸರಲ್ಲಿ ಆಗ್ತಿತ್ತಾ? ಅಂಥ ಕಡೆ ಕೈಕೊಡೋದು ಬಹುಪಾಲು ಚಿಲ್ಲರೆ ಸಾಮಾನು. ಕ್ಲಚ್ ಕೇಬಲ್ಲು, ಫ್ಯಾನ್ ಬೆಲ್ಟು, ಫ್ಯೂಸು, ಮೇಲಿನ ರೇಡಿಯೇಟರ್ ಹೋಸು. ಮನೆಯನ್ನೇ ಗೋಡೌನ್ ಮಾಡಿಕೊಂಡವರ ಗಾಡಿಯ ಡಿಕ್ಕಿ ತೆಗೆಸಿ ನೋಡಿ, ಇವು ನಾಲ್ಕರಲ್ಲಿ ಎರಡೂ ಇರೋದಿಲ್ಲ.

ಮೂರನೆಯದೇ ನನ್ನ ಹೊಟ್ಟೆ ಉರಿಸೋದು. ನಾನು ಕಳಸದ ಕಡೆಯವನು. ನಮ್ಮ ಕಡೆ ಬಸ್ಸು ನಿಲ್ಲೋ ಜಾಗದಿಂದ ಮುಂದಕ್ಕೆ ಇವತ್ತಿಗೂ ಜೀಪೇ ಗತಿ. ಮಹೀಂದ್ರವೋ ಜಿಪ್ಸಿಯೋ, ಹಳೆಯದೊಂದು ಗಾಡಿ. ಅಡಿಕೆ ಮೂಟೆ, ಗ್ಯಾಸ್ ಸಿಲಿಂಡರು, ಶಾಲೆ ಮಕ್ಕಳು, ಹೆರಿಗೆ ನೋವು ಬಂದವರು, ಎಲ್ಲ ಅದರಲ್ಲೇ. ಆ ಗಾಡಿ ಓಡಿಸೋ ಅಣ್ಣನಿಗೆ ಟ್ರಾನ್ಸ್‌ಫರ್ ಕೇಸಿನ ಒಂದು ಬೇರಿಂಗ್ ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನು ಮಾಡಿಸ್ತಾನೆ. "ಇತ್ತು, ಮೊನ್ನೆ ಒಬ್ಬರು ಇದ್ದ ಐದನ್ನೂ ತಗೊಂಡು ಹೋದ್ರು" ಅಂತ ಉತ್ತರ ಬಂದರೆ ಅವನು ಏನು ಮಾಡಬೇಕು? ಆ ಐದರಲ್ಲಿ ಒಂದಾದರೂ ಗಾಡಿಗೆ ಹತ್ತುತ್ತೋ ಇಲ್ಲವೋ ಗೊತ್ತಿಲ್ಲ. ಇತ್ತ ಅವನ ಜೀಪು ಹದಿನೈದು ದಿನ ತೆಂಗಿನ ಗರಿ ಹೊದ್ದು ನಿಂತಿರುತ್ತೆ. ಬರಗಾಲದಲ್ಲಿ ಅಕ್ಕಿ ಕೂಡಿಟ್ಟ ಸಾಹುಕಾರನನ್ನು ನಾವು ಬೈತೀವಿ. ಅವನಿಗೂ ನಮಗೂ ಏನು ವ್ಯತ್ಯಾಸ? ಅವನು ಲಾಭಕ್ಕೆ ಕೂಡಿಟ್ಟ, ನಾವು ಶೋಕಿಗೆ. ಹಸಿದವನಿಗೆ ಎರಡೂ ಒಂದೇ.

"ನಾವು ಕೊಳ್ಳೋದರಿಂದಲೇ ಅಂಗಡಿ ನಡೆಯೋದು" ಅಂತ ವಾದ ಮಾಡುವವರಿದ್ದಾರೆ. ಸ್ವಲ್ಪ ಯೋಚಿಸಿ. ಒಂದೇ ಸಲ ಹತ್ತು ವರ್ಷದ್ದು ಕೊಂಡು ಆಮೇಲೆ ಹತ್ತು ವರ್ಷ ಅಂಗಡಿ ಕಡೆ ತಲೆ ಹಾಕದ ಗಿರಾಕಿಯನ್ನು ನಂಬಿ ಯಾವ ಅಂಗಡಿಯವರು ಮತ್ತೆ ಸರಕು ತರಿಸ್ತಾರೆ? ಖಾಲಿಯಾದ ಜಾಗದಲ್ಲಿ ಬೇರೆ ಕಾರಿನ ಸಾಮಾನು ಬಂದು ಕೂರುತ್ತೆ, ಅಷ್ಟೇ. ವರ್ಷಕ್ಕೆ ಒಂದು, ಒಂದು, ಒಂದು ಅಂತ ಬೇಡಿಕೆ ಇದ್ದರೆ ಮಾತ್ರ ಮಾಡುವವನೂ ಮಾಡ್ತಾನೆ, ಮಾರುವವನೂ ಇಟ್ಟಿರ್ತಾನೆ.

ಹಾಗಂತ ಏನೂ ಇಟ್ಟುಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ನನ್ನ ಲೆಕ್ಕ ಒಂದೇ ಡಬ್ಬದ್ದು, ಅದೂ ಗಾಡಿಯೊಳಗೆ. ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ಲು, ಫ್ಯಾನ್ ಬೆಲ್ಟು, ಹೋಸು ಮತ್ತು ಕ್ಲಿಪ್ಪು, ಪೆಟ್ರೋಲ್ ಫಿಲ್ಟರು, ಸ್ಪಾರ್ಕ್ ಪ್ಲಗ್ಗು, ಫ್ಯೂಸು, ಬಲ್ಬು, ಪ್ರೊಪೆಲ್ಲರ್ ಶಾಫ್ಟಿನ ಒಂದು ಕ್ರಾಸು. ಪ್ರತಿಯೊಂದರ ಮೇಲೂ ಕೊಂಡ ತಿಂಗಳು, ವರ್ಷ ಬರೆದಿರಬೇಕು. ಸರ್ವೀಸ್ ಮಾಡಿಸುವಾಗ ಡಬ್ಬದಲ್ಲಿದ್ದ ಹಳೆಯದನ್ನು ಗಾಡಿಗೆ ಹಾಕಿಸಿ, ಹೊಸದನ್ನು ಡಬ್ಬಕ್ಕೆ ಹಾಕಿ. ನಮ್ಮಜ್ಜಿ ಉಪ್ಪಿನಕಾಯಿ ಭರಣಿಗಳನ್ನು ನಡೆಸ್ತಿದ್ದದ್ದು ಇದೇ ಲೆಕ್ಕದಲ್ಲಿ, ಹಳೆಯದು ಮುಗಿಯದೆ ಹೊಸದು ಬಾಯಿ ತೆರೆಯೋ ಹಾಗಿರಲಿಲ್ಲ. ಟ್ರಾನ್ಸ್‌ಫರ್ ಕೇಸಿನಂಥ ಅಪರೂಪದ ಸಾಮಾನಿದ್ದರೆ ಹತ್ತು ಜನ ಗೆಳೆಯರ ನಡುವೆ ಒಂದು ಸಾಕು, ಯಾರ ಮನೆಯಲ್ಲಿದೆ ಅಂತ ಹತ್ತೂ ಜನಕ್ಕೆ ಗೊತ್ತಿದ್ದರಾಯ್ತು.

ಮಂಚದಡಿ ಈಗಾಗಲೇ ತುಂಬಿಸಿಕೊಂಡವರಿಗೆ ಒಂದು ಕೋರಿಕೆ. ಈ ಭಾನುವಾರ ಡಬ್ಬಗಳನ್ನು ಹೊರಗೆ ಎಳೆಯಿರಿ. ಗಟ್ಟಿಯಾದ ರಬ್ಬರು, ಸೀಲು ಒಡೆದ ಬ್ರೇಕ್ ಆಯಿಲ್ಲು ಗಾಡಿಗೆ ಹಾಕೋ ಯೋಚನೆ ಬಿಡಿ. ಉಳಿದದ್ದರಲ್ಲಿ ನಿಮಗೆ ಒಂದೊಂದು ಇಟ್ಟುಕೊಂಡು ಮಿಕ್ಕಿದ್ದನ್ನು ಮುಂದಿನ ಸಲ ಘಟ್ಟದ ಕಡೆ ಹೋಗುವಾಗ ಮೂಡಿಗೆರೆಯಲ್ಲೋ ಕೊಪ್ಪದಲ್ಲೋ ಯಾವುದಾದರೂ ಜೀಪಿನ ಗ್ಯಾರೇಜಿಗೆ ಕೊಂಡ ಬೆಲೆಗೇ ಕೊಟ್ಟು ಬನ್ನಿ. ಕೆಟ್ಟು ನಿಂತ ನಿಮ್ಮ ಗಾಡಿಯನ್ನು ಮಳೆಯಲ್ಲಿ ಎಳೆದು ತರೋನು ಅವನೇ. ಅವನ ಕಪಾಟು ಖಾಲಿ ಇದ್ದರೆ ನಿಮ್ಮ ಕಪಾಟು ತುಂಬಿದ್ದು ಏನು ಬಂತು?

ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ. ಡಬ್ಬ ಬಿಚ್ಚಿ ನೋಡಿದ ಮೇಲೆ ಬೈದರೆ ಇನ್ನೂ ಒಳ್ಳೆಯದು :)