ಜೀಪಿಗೆ ಬೋರಿನ ನೀರು ಕುಡಿಸಬೇಡಿ

ನಮ್ಮ ಶಹಾಪುರದ ಕಡೆ ಹಳೆಯ ಫೋರ್‌ವೀಲ್ ಮಹೀಂದ್ರಾ ಜೀಪು ಇಟ್ಟುಕೊಂಡವರ ಸೀಟಿನಡಿ ರೇಡಿಯೇಟರಿಗೆ ಸುರಿಯಲು ನೀರಿನ ಕ್ಯಾನು ಇದ್ದೇ ಇರುತ್ತದೆ. ರೋಗ ಮುಚ್ಚಿಡುವ ಚಟವಿದು. ಕೂಲಂಟ್ ಕಡಿಮೆಯಾಯಿತೆಂದರೆ ಎಲ್ಲೋ ಸೋರಿರಬೇಕು, ಇಲ್ಲವೇ ಎಂಜಿನ್ ಕುಡಿದಿರಬೇಕು.

ನಾನು ಮೊದಲು ನೋಡುವುದು ರೇಡಿಯೇಟರ್ ಮುಚ್ಚಳ, ಅದೂ ಎಂಜಿನ್ ತಣ್ಣಗಾದ ಮೇಲೆ. ಅದರ ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲದು, ನೀರು ಬೇಗ ಕುದಿಯುತ್ತದೆ. ಮೇ ಬಿಸಿಲಲ್ಲಿ ಎರೆಹೊಲದೊಳಗೆ ಲೋ ಗೇರಿನಲ್ಲಿ ಎಳೆಯುವಾಗಂತೂ ಗಾಳಿ ಕಡಿಮೆ, ಕಾವು ಜಾಸ್ತಿ, ಉಕ್ಕದೆ ಇನ್ನೇನು? ಆಮೇಲೆ ಹೋಸಿನ ಕ್ಲಿಪ್ಪು, ವಾಟರ್ ಪಂಪಿನ ಅಡಿಯ ಸಣ್ಣ ತೂತು. ಅಲ್ಲಿ ಒಣಗಿದ ಬಿಳಿ, ಹಸಿರು ಕಲೆ ಕಂಡರೆ ಸೀಲ್ ಹೋಗಿದೆ ಎಂದೇ ಲೆಕ್ಕ. ಕಾಣದಿದ್ದರೆ ಕೈಪಂಪಿನ ಟೆಸ್ಟರ್ ಹಚ್ಚಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ನೋಡಿ.

ಮುಳ್ಳು ಇಳಿದರೂ ಹೊರಗೆಲ್ಲೂ ಹಸಿ ಇಲ್ಲವೇ? ಸೈಲೆನ್ಸರಿನಲ್ಲಿ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ ಇದ್ದರೆ ಆಗ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಬಹುದು. ಕೆಲವು ಮೇಸ್ತ್ರಿಗಳು ಇಲ್ಲಿಂದಲೇ ಶುರು ಮಾಡುತ್ತಾರೆ. ಹೆಡ್ ಬಿಚ್ಚಿದರೆ ಬಿಲ್ಲೂ ದೊಡ್ಡದು ನೋಡಿ.

ಬೋರಿನ ಗಡಸು ನೀರಂತೂ ಬೇಡವೇ ಬೇಡ. ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣವೇ ರೇಡಿಯೇಟರಿನ ಕೊಳವೆಯಲ್ಲೂ ಕಟ್ಟುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ; ಅರ್ಧ ಅದು, ಅರ್ಧ ಕೂಲಂಟ್ ಹಾಕಿ.