ಹಳೆಯ ಗಾಡಿಯನ್ನು ಎಷ್ಟು ಹೊಸದು ಮಾಡಬೇಕು?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ದನದ ಕೊಟ್ಟಿಗೆಯಲ್ಲೋ ಬಣವೆಯ ಮರೆಯಲ್ಲೋ ಒಂದು ಗಾಡಿ ವರ್ಷಗಟ್ಟಲೆ ಧೂಳು ತಿನ್ನುತ್ತ ನಿಂತಿರುವುದು ಅಪರೂಪವಲ್ಲ. ರಾಜದೂತ್ ಇರಬಹುದು, ಯೆಜ್ಡಿ ಇರಬಹುದು, ಹೀರೋ ಹೋಂಡಾ ಇರಬಹುದು. ಭಂಗಾರದವನಿಗೆ ತೂಕದ ಲೆಕ್ಕದಲ್ಲಿ ಕೊಡಲು ಮನಸ್ಸಾಗದೆ ಮನೆಯವರು ಇಟ್ಟುಕೊಂಡಿರುತ್ತಾರೆ. ಒಂದು ದಿನ ಮಗನೋ ಮೊಮ್ಮಗನೋ ಅದನ್ನು ಚಾಲೂ ಮಾಡಲು ಹೊರಡುತ್ತಾನೆ. ಎಷ್ಟು ಖರ್ಚಾದೀತು ಎಂದು ಮೊದಲು ಮಿಸ್ತ್ರಿಯನ್ನು ಕೇಳುತ್ತಾನೆ. ಅದಕ್ಕೂ ಮುಂಚೆ ಅವನು ತನ್ನನ್ನೇ ಕೇಳಿಕೊಳ್ಳಬೇಕಾದ್ದು ಬೇರೆ: ಗಾಡಿ ಎಷ್ಟರ ಮಟ್ಟಿಗೆ ಹೊಸದಾಗಬೇಕು, ಕೆಲಸ ಎಲ್ಲಿಗೆ ನಿಲ್ಲಬೇಕು?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಆಗಬೇಕು ಎನ್ನುವುದು ಒಂದು. ಈ ದಾರಿ ಹಿಡಿದವರ ದುಡ್ಡು ಬಣ್ಣ, ಕ್ರೋಮ್, ಸ್ಟಿಕರುಗಳಿಗೇ ಕರಗಿ, ಎಂಜಿನ್ ಬಿಚ್ಚುವ ಹೊತ್ತಿಗೆ ಜೇಬು ಬರಿದಾಗಿರುತ್ತದೆ. ಓಡಿದರೆ ಸಾಕು, ಯಾವ ಗಾಡಿಯ ಕಾರ್ಬ್ಯುರೇಟರಾದರೂ ಸರಿ, ಯಾವ ವೈರಾದರೂ ಸರಿ ಎನ್ನುವುದು ಇನ್ನೊಂದು. ಹಾಗೆ ಎಬ್ಬಿಸಿದ ಗಾಡಿ ಓಡುತ್ತದೆ, ಆದರೆ ಅದರ ಮುಂದಿನ ಕೆಡುಕು ಎಲ್ಲಿಂದ ಬಂತೆಂದು ಯಾವ ಮಿಸ್ತ್ರಿಗೂ ತಿಳಿಯುವುದಿಲ್ಲ. ನನ್ನ ಮಟ್ಟಿಗೆ ನ್ಯಾಯವಾದ ಗೆರೆ ಇವೆರಡರ ನಡುವೆ ಇದೆ. ನಂಬಿ ಹತ್ತಿ ಕೂರುವಂತಾಗಲು ಬೇಕಾದ್ದನ್ನೆಲ್ಲ ಸಂಕೋಚವಿಲ್ಲದೆ ಬದಲಿಸಬೇಕು. ಅಲ್ಲಿಂದಾಚೆಗೆ ಏನನ್ನೂ ಮುಟ್ಟಬಾರದು. ಕಡಿಮೆ ದುಡ್ಡಿದ್ದವನಿಗೆ ಈ ಗೆರೆ ಬೇಗ ಕಾಣುತ್ತದೆ.

ಹಳೆಯದನ್ನು ಉಳಿಸುವ ವಿಚಾರದಲ್ಲಿ ಕಟ್ಟಡಗಳ ಲೋಕ ನಮಗಿಂತ ಮುಂಚೆ ಯೋಚಿಸಿದೆ. 1964ರ ವೆನಿಸ್ ಸನ್ನದು ಒಂದು ಮಾತನ್ನು ಖಚಿತವಾಗಿ ಹೇಳಿತು: ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಕೊರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಅವಳ ಸವೆದ ಅಂಗವನ್ನು ಯಾರಾದರೂ ಸಿಮೆಂಟಿನಿಂದ ತುಂಬಿದರೆ ನಾವು ಸಿಟ್ಟಾಗುತ್ತೇವೆ, ಆಗಲೂ ಬೇಕು. ಆದರೆ ಇದೇ ನಿಯಮವನ್ನು ಗಾಡಿಗೆ ಹಾಗೇ ಹಚ್ಚಲು ಬರುವುದಿಲ್ಲ. ಸವೆದ ಶಿಲ್ಪ ಶಿಲ್ಪವಾಗಿಯೇ ಉಳಿಯುತ್ತದೆ. ಸವೆದ ಬ್ರೇಕ್ ಶೂ ಬ್ರೇಕಾಗಿ ಉಳಿಯುವುದಿಲ್ಲ. ಯಂತ್ರವೆಂದರೆ ಸವೆದದ್ದನ್ನು ಬದಲಿಸಲೆಂದೇ ಹುಟ್ಟಿದ್ದು. ಸನ್ನದಿನಿಂದ ಕಲಿಯಬೇಕಾದ್ದು ಕೈ ತಡೆಹಿಡಿಯುವ ಗುಣ. ಮಾಡಿದ ಮೇಲೆ ಹಿಂದೆಗೆಯಲಾಗದ ಕೆಲಸಕ್ಕೆ ಅವಸರಪಡಬಾರದು.

ಗಾಡಿಯಲ್ಲಿ ಅಂಥ ಕೆಲಸಗಳು ಹಲವು. ಸಿಲಿಂಡರ್ ಬೋರ್ ಮಾಡಿಸುವುದನ್ನೇ ನೋಡಿ. 0.25, 0.50, 0.75, 1.00 ಮಿಲಿಮೀಟರ್ ಎಂದು ಪಿಸ್ಟನ್ನಿನ ಅಳತೆ ದೊಡ್ಡದಾಗುತ್ತ ಹೋಗುತ್ತದೆ. ಒಂದೊಂದು ಸಲ ಕೊರೆದಾಗಲೂ ಎಂಜಿನ್ನಿನ ಉಳಿದ ಆಯುಷ್ಯದಲ್ಲಿ ಒಂದು ಪಾಲು ಮುಗಿಯುತ್ತದೆ. ಅಳೆಯದೆ ಬೋರ್ ಮಾಡಿಸುವುದು ಅದಕ್ಕೇ ದುಂದು. ಕಾರ್ಖಾನೆಯ ಮೂಲ ಬಣ್ಣವೂ ಹಾಗೆಯೇ. ಒಮ್ಮೆ ಉಜ್ಜಿ ತೆಗೆದರೆ ಎಷ್ಟು ದುಡ್ಡು ಸುರಿದರೂ ಅದು ಮರಳುವುದಿಲ್ಲ. ಮಾಸಿದ್ದರೂ ಟ್ಯಾಂಕಿನ ಒಳಗೆ ತುಕ್ಕು ಇಲ್ಲದಿದ್ದರೆ ಹೊರಗಿನದನ್ನು ಬಿಡುವುದೇ ಮೇಲು.

ಕೆಲಸದ ಸರದಿಯೂ ಇದರಿಂದಲೇ ಹುಟ್ಟುತ್ತದೆ. ಮೊದಲು ಕಾಗದ: ಆರ್‌ಸಿಯಲ್ಲಿರುವ ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ಕೂಡದಿದ್ದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ. ಆಮೇಲೆ ನಿಲ್ಲಿಸುವ ಅಂಗಗಳಾದ ಟೈರು, ಬ್ರೇಕ್ ಶೂ, ಕೇಬಲ್ಲು. ಓಡಿಸುವ ಅಂಗಗಳಾದ ಪೆಟ್ರೋಲ್ ಕಾಕ್, ಕಾರ್ಬ್ಯುರೇಟರಿನ ಜೆಟ್, ಪಾಯಿಂಟ್, ವೈರಿಂಗ್ ಆಮೇಲೆ. ಟೂ ಸ್ಟ್ರೋಕ್ ಗಾಡಿಯಾದರೆ ಇನ್ನೊಂದು ಮಾತು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ಆ ಸಂದಿನಿಂದ ಗಾಳಿ ಒಳಗೆಳೆದು ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೀಲಿನ ಬೆಲೆ ಅಲ್ಪ, ಅದನ್ನು ಹಾಕಲು ಎಂಜಿನ್ನನ್ನೇ ಇಬ್ಭಾಗ ಮಾಡುವ ಮಜೂರಿ ಹೆಚ್ಚು. ಬಣ್ಣದ ದುಡ್ಡನ್ನು ತಿರುಗಿಸಬೇಕಾದ್ದು ಇಂಥ ಕಣ್ಣಿಗೆ ಬೀಳದ ಕೆಲಸಕ್ಕೆ.

ಈ ಸೀಮೆಗೆ ಇದು ಕೈಗೆಟುಕುವ ಕೆಲಸ. ಪುಣೆ–ಹೈದರಾಬಾದಿನ 65ನೇ ಹೆದ್ದಾರಿ ಇಲ್ಲಿ ಹಾದುಹೋಗುತ್ತದೆ. ಹುಮನಾಬಾದಿನಲ್ಲಿ ಅದನ್ನು 50ನೇ ಹೆದ್ದಾರಿ ಕೂಡುತ್ತದೆ. ಲಾರಿಗಳನ್ನು ನಂಬಿ ಬೆಳೆದ ಗ್ಯಾರೇಜು, ಲೇತ್, ವೆಲ್ಡಿಂಗ್ ಅಂಗಡಿಗಳು ಇಲ್ಲಿವೆ. ದೊಡ್ಡ ಊರಿನ ಶೋರೂಮು ಪೂರ್ತಿ ಭಾಗವನ್ನೇ ಬದಲಿಸುವ ಕಡೆ ಇಲ್ಲಿನ ಮಿಸ್ತ್ರಿ ಬುಶ್ ತಿರುಗಿಸಿ ಕೂರಿಸುತ್ತಾನೆ. ಭಾಗದ ಬೆಲೆಗಿಂತ ಕೈಯ ಬೆಲೆ ಕಡಿಮೆ ಇರುವ ತನಕ ಮಾತ್ರ ರಿಪೇರಿ ಎಂಬುದು ಬದುಕಿರುತ್ತದೆ. ಆದರೆ ಆ ಕೈಯ ಬೆಲೆಯನ್ನು ತೀರ ಮುರಿದರೆ ಮಿಸ್ತ್ರಿ ಈ ಕೆಲಸವನ್ನೇ ಬಿಡುತ್ತಾನೆ; ಹಾಗೆ ಚೌಕಾಶಿ ಮಾಡುವವನು ತಾನು ಕೂತ ಕೊಂಬೆಯನ್ನೇ ಕಡಿಯುತ್ತಾನೆ.

ಯಾವ ಗಾಡಿ ಎಂಬುದೂ ಮುಖ್ಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಮಾಡಿತು, 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಿಟ್ಟಿತು, 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ಕರ್ ಮತ್ತು ಗೇರ್ ಒಂದೇ ಲಿವರಿನಲ್ಲಿರುವ ಅದರ ಚಂದಕ್ಕೆ ಸೋಲದವರಿಲ್ಲ. ಆದರೆ ಮೂಲ ಭಾಗಗಳು ವಿರಳ, ನೆನಪಿನ ಮೋಹದಿಂದ ಬೆಲೆಯೂ ಏರಿದೆ. ಯಮಹಾ ಆರ್‌ಎಕ್ಸ್ 100ರದೂ ಇದೇ ಕಥೆ. 1994ರಲ್ಲಿ ಬಂದ ಸ್ಪ್ಲೆಂಡರಿನ ಭಾಗಗಳು ತಾಲ್ಲೂಕು ಕೇಂದ್ರದ ಯಾವ ಅಂಗಡಿಯಲ್ಲೂ ಸಿಗುತ್ತವೆ, ಅದಕ್ಕಾಗಿ ಕಣ್ಣೀರಿಡುವವರು ಮಾತ್ರ ಇಲ್ಲ. ಪ್ರೀತಿ ಯೆಜ್ಡಿಯ ಕಡೆಗಿದ್ದರೂ ತರ್ಕ ಸ್ಪ್ಲೆಂಡರಿನ ಕಡೆಗಿದೆ. ಸಣ್ಣ ಜೇಬಿನವನು ಯಾರೂ ಹಾಡಿ ಹೊಗಳದ ಗಾಡಿಯನ್ನೇ ಎಬ್ಬಿಸುವುದು ಜಾಣತನ.

ಎದುರು ವಾದ ಹಗುರವಾದದ್ದಲ್ಲ. ಟೂ ಸ್ಟ್ರೋಕ್ ಎಂಜಿನ್ ಉರಿಯದ ಪೆಟ್ರೋಲನ್ನು ಹೊಗೆಯ ಜೊತೆ ಹೊರಗೆ ತಳ್ಳುತ್ತದೆ. 2000ಕ್ಕಿಂತ ಮುಂಚಿನ ದ್ವಿಚಕ್ರಗಳಿಗೆ ಕಾರ್ಬನ್ ಮೊನಾಕ್ಸೈಡಿನ ಮಿತಿಯೂ ಶೇ. 4.5ರಷ್ಟು ಸಡಿಲವಾಗಿದೆ. ಡ್ರಮ್ ಬ್ರೇಕಿನ, ಮಂಕು ಬೆಳಕಿನ ಗಾಡಿಯನ್ನು ರಾತ್ರಿ ಲಾರಿಗಳ ನಡುವೆ ಹೆದ್ದಾರಿಗೆ ಒಯ್ಯುವುದು ಅಪಾಯ. ಈ ಮಾತುಗಳನ್ನು ಒಪ್ಪಿಯೇ ಹೇಳಬೇಕು: ದಿನವೂ ದೂರ ಓಡುವವನಿಗೆ ಹಳೆಯ ಟೂ ಸ್ಟ್ರೋಕ್ ತಕ್ಕದ್ದಲ್ಲ. ಆದರೆ ಹೊಲಕ್ಕೂ ಸಂತೆಗೂ ಹೋಗಿಬರುವ ನಾಲ್ಕು ಸ್ಟ್ರೋಕಿನ ಗಾಡಿಯನ್ನು ಕರಗಿಸಿ ಇನ್ನೊಂದನ್ನು ಎರಕಹೊಯ್ಯುವುದರಲ್ಲಿ ಗಾಳಿಗೆ ಯಾವ ಉಪಕಾರವೂ ಇಲ್ಲ. ಹೊಸ ಕಾಲದ ತೊಡಕೂ ಇದೆ. 2025ರಲ್ಲಿ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ. 20 ಮುಟ್ಟಿತು. ಬೀದರ್ ಜಿಲ್ಲೆಯ ರೈತ ಬೆಳೆಯುವ ಕಬ್ಬಿನಂಥ ಬೆಳೆಗಳಿಂದಲೇ ಬರುವ ಈ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ, ತೇವ ಹೀರಿ ಟ್ಯಾಂಕಿನ ತಳಕ್ಕೆ ನೀರಿಳಿಸುತ್ತದೆ. ಪೈಪು, ಸೀಲುಗಳನ್ನು ಅದಕ್ಕೆ ತಾಳುವಂಥದಕ್ಕೆ ಬದಲಿಸುವುದು ಈಗ ಪ್ರಾಮಾಣಿಕ ಜೀರ್ಣೋದ್ಧಾರದ ಭಾಗವೇ.

ಕಾನೂನು ಮಾತ್ರ ಈ ವ್ಯತ್ಯಾಸಗಳನ್ನು ಅಷ್ಟಾಗಿ ಕಾಣುವುದಿಲ್ಲ. ಹದಿನೈದು ವರ್ಷ ದಾಟಿದ ಬೈಕಿನ ಮರುನೋಂದಣಿ ಶುಲ್ಕ 2022ರಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು. ಇಪ್ಪತ್ತು ದಾಟಿದ್ದಕ್ಕೆ 2025ರಲ್ಲಿ 2,000 ಆಯಿತು. ಐವತ್ತು ದಾಟಿದರೆ 2021ರ ನಿಯಮದಂತೆ ವಿಂಟೇಜ್ ಗೌರವ ಸಿಗುತ್ತದೆ, ಆದರೆ ಆ ಗೌರವ ಪಡೆದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಹಳೆಯ ಗಾಡಿಗೆ ದಂಡ ಇದೆ, ಇಲ್ಲವೇ ಮೆರವಣಿಗೆ ಇದೆ. ದುಡಿಯುವ ಹಳೆಯ ಗಾಡಿಗೆ ಜಾಗ ಕಿರಿದು. ಶುಲ್ಕವನ್ನು ವಯಸ್ಸಿನ ಮೇಲೆ ಹೇರುವ ಬದಲು ಹೊಗೆ, ಬ್ರೇಕು, ದೀಪಗಳನ್ನು ನಿಜವಾಗಿ ಪರೀಕ್ಷಿಸಿದರೆ, ಚೆನ್ನಾಗಿಟ್ಟುಕೊಂಡವನಿಗೆ ಲಾಭವಾಗುತ್ತದೆ, ಕೆಡಿಸಿದವನು ರಸ್ತೆ ಬಿಡುತ್ತಾನೆ.

ಕೆಲಸ ಎಲ್ಲಿಗೆ ನಿಲ್ಲಬೇಕೆಂದು ತಿಳಿಯಲು ಗಾಡಿಯ ಒಡೆಯನಿಗೆ ಒಂದು ಸರಳ ಪರೀಕ್ಷೆ ಸಾಕು. ಮಳೆಯಲ್ಲಿ ಹೊರತೆಗೆಯಲು, ಹಿಂದೆ ತೊಗರಿ ಚೀಲ ಕಟ್ಟಲು, ಅವಸರಕ್ಕೆ ನೆರೆಯವನಿಗೆ ಕೀಲಿ ಕೊಡಲು ಮನಸ್ಸು ಹಿಂಜರಿಯಿತೆಂದರೆ ಖರ್ಚು ಗೆರೆ ದಾಟಿದೆ. ಆ ಹೆಚ್ಚುವರಿ ದುಡ್ಡಿನಿಂದ ಗಾಡಿಗೆ ಆಯುಷ್ಯ ಬರಲಿಲ್ಲ, ಒಡೆಯನಿಗೆ ಅಂಜಿಕೆ ಬಂತು.