ಕಲಾಶಾಲೆಯೂ ಕುಲುಮೆಯೂ

ಪ್ರಾಚೀನರು ಎಣಿಸಿದ ಅರವತ್ತುನಾಲ್ಕು ಕಲೆಗಳಲ್ಲಿ ಗೀತ, ನೃತ್ಯ, ಆಲೇಖ್ಯಗಳೊಡನೆ ಭೂಷಣಯೋಜನ, ರೂಪ್ಯರತ್ನಪರೀಕ್ಷೆ, ಧಾತುವಾದಗಳೂ ಸೇರಿವೆ. ವಾತ್ಸ್ಯಾಯನನ ಆ ಪಟ್ಟಿಯಲ್ಲಿ ಚಿತ್ರ ಬರೆಯುವ ವಿದ್ಯೆಗೂ ಲೋಹವನ್ನು ಅರಿಯುವ ವಿದ್ಯೆಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಲಾಗಿದೆ. ಕಾಲಾನಂತರದಲ್ಲಿ ಚಿತ್ರಕಾರನು ಕಲಾವಿದನೆನಿಸಿಕೊಂಡನು. ಅಕ್ಕಸಾಲಿಗನು ಕಸಬುದಾರನಾಗಿಯೇ ಉಳಿದನು. ಈ ಪಂಕ್ತಿಭೇದವು ಕಲಾಶಾಲೆಗಳ ಹೊಸ್ತಿಲನ್ನೂ ದಾಟಿ ಒಳಗೆ ಬಂದಿರುವುದು ವಿಚಾರಾರ್ಹವಾದ ಸಂಗತಿ. ಒಡವೆಗೆಲಸ ಮತ್ತು ಲೋಹಗೆಲಸಗಳನ್ನು ಪಾಠ್ಯವಿಷಯವಾಗಿ ಅಂಗೀಕರಿಸಿದ ಶಾಲೆಯು ಅವನ್ನು ಯಾರಿಂದ ಕಲಿಸಬೇಕು, ಕಲಿಸುವವರಿಗೆ ಯಾವ ಸ್ಥಾನವನ್ನು ಕೊಡಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಲೋಹವು ಉಪನ್ಯಾಸಕ್ಕೆ ಮಣಿಯುವ ವಸ್ತುವಲ್ಲ. ಬೆಳ್ಳಿಯ ತಗಡನ್ನು ಸುತ್ತಿಗೆಯಿಂದ ಬಡಿಯುತ್ತ ಹೋದಂತೆ ಅದು ಗಡುಸಾಗುತ್ತದೆ. ಗಡುಸಾದುದನ್ನು ಮತ್ತೂ ಬಡಿದರೆ ಅಂಚು ಸೀಳುತ್ತದೆ. ಆದುದರಿಂದ ನಡುನಡುವೆ ಬೆಂಕಿಗೊಡ್ಡಿ ಮೆದುಗೊಳಿಸಬೇಕು. ಎಷ್ಟು ಏಟಿನ ಅನಂತರ ಕಾಯಿಸಬೇಕೆಂಬುದನ್ನು ಕೆಲಸಗಾರನ ಕಿವಿಯೂ ಮಣಿಕಟ್ಟೂ ಹೇಳುತ್ತವೆ. ಬೆಸುಗೆಯ ಕೆಲಸ ಇದಕ್ಕಿಂತಲೂ ಸೂಕ್ಷ್ಮ. ಅಪ್ಪಟ ಬೆಳ್ಳಿಯು ಸುಮಾರು ೯೬೧ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದಕ್ಕಿಂತ ಕಡಿಮೆ ಶಾಖದಲ್ಲಿ ಕರಗುವಂತೆ ಬೆಳ್ಳಿಗೆ ತಾಮ್ರ ಸತುಗಳನ್ನು ಬೆರೆಸಿ ಬೆಸುಗೆಯ ಲೋಹವನ್ನು ಸಿದ್ಧಪಡಿಸುತ್ತಾರೆ. ಸಂದಿಗೆ ಬಿಳಿಗಾರವನ್ನು ಹಚ್ಚಿ, ಊದುಗೊಳವೆಯಿಂದ ಉರಿಯನ್ನು ಹಾಯಿಸುವಾಗ, ಬೆಸುಗೆ ಹರಿಯುವ ಕ್ಷಣಕ್ಕೂ ಒಡವೆಯೇ ಕರಗಿ ಕುಸಿಯುವ ಕ್ಷಣಕ್ಕೂ ನಡುವೆ ಇರುವ ಅವಧಿ ಅತ್ಯಲ್ಪ. ಲೋಹದ ಬಣ್ಣವನ್ನು ನೋಡಿ ಉರಿಯನ್ನು ಹಿಂತೆಗೆಯುವ ಆ ವಿವೇಕವನ್ನು, ಬಹುಕಾಲ ಬೆಂಕಿಯ ಮುಂದೆ ಕುಳಿತವರು ಮಾತ್ರ ಇನ್ನೊಬ್ಬರಿಗೆ ದಾಟಿಸಬಲ್ಲರು.

ಇದರಿಂದ ಗ್ರಂಥಗಳು ನಿರರ್ಥಕವೆಂದು ಭಾವಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ರೂಪದಿಂದ ಲೋಹಮೂರ್ತಿಯನ್ನು ಎರಕಹೊಯ್ಯುವ ವಿಧಾನವು ನಿರೂಪಿತವಾಗಿದೆ. ಮೇಣದಲ್ಲಿ ಆಕೃತಿಯನ್ನು ತಿದ್ದುವುದು, ಅದಕ್ಕೆ ಮಣ್ಣನ್ನು ಪದರಪದರವಾಗಿ ಲೇಪಿಸಿ ಒಣಗಿಸುವುದು, ಕಾಯಿಸಿ ಮೇಣವನ್ನು ಹೊರಹರಿಸುವುದು, ತೆರವಾದ ಎಡೆಗೆ ಕರಗಿದ ಲೋಹವನ್ನು ಹೊಯ್ಯುವುದು, ಮೇಣದ ತೂಕದಿಂದ ಲೋಹದ ತೂಕವನ್ನು ನಿರ್ಣಯಿಸುವುದು, ಇವೆಲ್ಲವೂ ಅಲ್ಲಿ ಕ್ರಮವಾಗಿ ಬಂದಿವೆ. ಎರಕದವರ ಅನುಭವವನ್ನು ಆದರದಿಂದ ಕೇಳದೆ ಇಂತಹ ವಿವರಗಳನ್ನು ಬರೆಯುವುದು ಅಶಕ್ಯ. ಆದರೂ ಆ ಶ್ಲೋಕಗಳನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ಯಾವ ಪಂಡಿತನೂ ಒಂದು ಗೆಜ್ಜೆಯನ್ನೂ ಎರಕಹೊಯ್ಯಲಾರನು. ಗ್ರಂಥವು ಕೈಗೆ ನೆನಪನ್ನು ಕೊಡಬಹುದು; ಕೈಯನ್ನು ಕೊಡಲಾರದು.

ಭಾರತದಲ್ಲಿ ಆಧುನಿಕ ಕಲಾಶಾಲೆಗಳು ತಲೆಯೆತ್ತಿದ್ದು ಬಹುಮಟ್ಟಿಗೆ ಕುಶಲಕರ್ಮಿಗಳ ಹೆಸರಿನಲ್ಲಿಯೇ. ಮದರಾಸಿನಲ್ಲಿ ವೈದ್ಯರಾದ ಅಲೆಕ್ಸಾಂಡರ್ ಹಂಟರರು ೧೮೫೦ರಲ್ಲಿ ಶಾಲೆಯನ್ನು ತೆರೆದರು. ಮುಂಬಯಿಯ ಸರ್ ಜೆ. ಜೆ. ಕಲಾಶಾಲೆ ೧೮೫೭ರಲ್ಲಿ ಪ್ರಾರಂಭವಾಯಿತು. ಲಂಡನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ರೂಪುಗೊಂಡ ರೇಖಾಚಿತ್ರದ ಪಾಠಕ್ರಮವೇ ಇವುಗಳಿಗೆ ಮಾದರಿ. ಗಾರೆಯ ಪ್ರತಿಕೃತಿಗಳನ್ನು ನೋಡಿ ಗೆರೆಯೆಳೆಯುವುದು ಮೊದಲು, ಮಿಕ್ಕದ್ದೆಲ್ಲ ಆಮೇಲೆ ಎಂಬ ಕ್ರಮದಿಂದಾಗಿ, ಕಸಬಿನವರಿಗಾಗಿ ಎದ್ದ ಶಾಲೆಗಳಿಂದ ಚಿತ್ರಕಾರರೂ ಡ್ರಾಯಿಂಗ್ ಮಾಸ್ತರರೂ ಹೊರಬಂದರು. ಈ ಕೊರತೆಯನ್ನು ತುಂಬುವ ಯತ್ನಗಳೂ ನಡೆದವು. ಮುಂಬಯಿಯ ಶಾಲೆಯಲ್ಲಿ ೧೮೯೧ರಲ್ಲಿ ರೇ ಕಲಾಕಾರ್ಯಾಗಾರಗಳು ಸ್ಥಾಪಿತವಾಗಿ ಲೋಹಗೆಲಸಕ್ಕೆ ಎಡೆ ದೊರೆಯಿತು. ಮದರಾಸಿನ ಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ೧೮೯೮ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಇವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಯತ್ನಗಳು ಸ್ತುತ್ಯವೇ. ಆದರೆ ಚಿತ್ರಶಾಲೆ ಒಂದು ಕಡೆ, ಕಾರ್ಯಾಗಾರ ಇನ್ನೊಂದು ಕಡೆ ಎಂಬ ಭಾವನೆ ಮಾತ್ರ ಅಳಿಯಲಿಲ್ಲ.

ಈ ಎರಡನ್ನೂ ಒಂದುಗೂಡಿಸುವ ಪ್ರಯೋಗವೊಂದು ಜರ್ಮನಿಯ ವೈಮಾರ್ ನಗರದಲ್ಲಿ ನಡೆಯಿತು. ವಾಲ್ಟರ್ ಗ್ರೋಪಿಯಸರು ೧೯೧೯ರಲ್ಲಿ ಅಲ್ಲಿ ಸ್ಥಾಪಿಸಿದ ಬೌಹೌಸ್ ಶಾಲೆಯ ಕಾರ್ಯಾಗಾರಗಳಿಗೆ ಇಬ್ಬರು ಗುರುಗಳ ವ್ಯವಸ್ಥೆಯಿತ್ತು: ಒಬ್ಬರು ರೂಪದ ಗುರು, ಇನ್ನೊಬ್ಬರು ಕೆಲಸದ ಗುರು. ಲೋಹದ ಕಾರ್ಯಾಗಾರದಲ್ಲಿ ೧೯೨೩ರಿಂದ ಕಲಾವಿದ ಮೊಹೋಲಿ-ನಾಗಿ ರೂಪದ ಗುರುಗಳಾಗಿದ್ದರೆ, ಬೆಳ್ಳಿಗೆಲಸದಲ್ಲಿ ನುರಿತ ಕ್ರಿಶ್ಚಿಯನ್ ಡೆಲ್ ಕೆಲಸದ ಗುರುಗಳಾಗಿದ್ದರು. ಅಲ್ಲಿಗೆ ಬಂದ ಮೇರಿಯಾನ್ ಬ್ರಾಂಟ್ ಎಂಬ ಮಹಿಳೆಗೆ ಮೊದಮೊದಲು ದೊರೆತದ್ದು ಲೋಹವನ್ನು ಬಡಿದು ಅರ್ಧಗೋಳಗಳನ್ನಾಗಿ ಮಾಡುವ ಬೇಸರದ ಕೆಲಸ. ಅದನ್ನು ಸಹಿಸಿ ಕಲಿತ ಆಕೆ ೧೯೨೪ರಲ್ಲಿ ರಚಿಸಿದ ಪುಟ್ಟ ಚಹಾಪಾತ್ರೆಯು ಇಂದು ವಸ್ತುಸಂಗ್ರಹಾಲಯಗಳ ಹೆಮ್ಮೆಯ ವಸ್ತು. ೧೯೨೮ರಲ್ಲಿ ಆಕೆಯೇ ಆ ಕಾರ್ಯಾಗಾರದ ಹೊಣೆಯನ್ನು ವಹಿಸಿಕೊಂಡರು. ಆದರೆ ಆ ಶಾಲೆಯ ಆಡಳಿತ ಸಭೆಯಲ್ಲಿಯೂ ಕೆಲಸದ ಗುರುಗಳಿಗೆ ರೂಪದ ಗುರುಗಳಷ್ಟು ಅಧಿಕಾರವಿರಲಿಲ್ಲ. ಅದರಿಂದ ಅಸಮಾಧಾನವೂ ಹುಟ್ಟಿತ್ತು. ೧೯೨೫ರಲ್ಲಿ ಶಾಲೆಯು ಡೆಸ್ಸೌ ನಗರಕ್ಕೆ ಹೋದ ಮೇಲೆ ಅಲ್ಲಿಯೇ ಕಲಿತ ಕೆಲವರು ಗುರುಸ್ಥಾನಕ್ಕೆ ಬಂದರು. ರೂಪ ಮತ್ತು ಕೆಲಸ ಎರಡರಲ್ಲಿಯೂ ಅವರಿಗೆ ಪರಿಶ್ರಮವಿತ್ತು. ಇಬ್ಬರು ಗುರುಗಳು ಕೂಡಿ ಕಲಿಸಿದುದರ ಫಲವಾಗಿ ಎರಡನ್ನೂ ಬಲ್ಲ ಒಬ್ಬ ಗುರು ಸಿದ್ಧನಾಗುತ್ತಾನೆಂಬುದು ಇದರ ತಾತ್ಪರ್ಯ.

ದೂರದ ನಿದರ್ಶನವೊಂದೇ ಸಾಲದೆನ್ನುವವರು ಮತ್ತೆ ಮದರಾಸಿನ ಕಡೆಗೆ ನೋಡಬಹುದು. ಆ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರರ ನೇತೃತ್ವದಲ್ಲಿ ೧೯೬೬ರಲ್ಲಿ ಚೋಳಮಂಡಲ ಕಲಾಗ್ರಾಮವು ನೆಲೆಗೊಂಡಿತು. ಕರಕುಶಲ ವಸ್ತುಗಳನ್ನು ಮಾಡಿ ಮಾರಿ ಜೀವನಕ್ಕೆ ಆಧಾರವನ್ನು ಕಂಡುಕೊಂಡು, ಬಿಡುವಿನಲ್ಲಿ ಸ್ವತಂತ್ರ ಕಲಾರಚನೆಯಲ್ಲಿ ತೊಡಗುವುದು ಅಲ್ಲಿಯವರ ಸಂಕಲ್ಪ. ಪಿ. ವಿ. ಜಾನಕಿರಾಮರು ಲೋಹದ ತಗಡನ್ನೂ ತಂತಿಯನ್ನೂ ಬೆಸೆದು ರಚಿಸಿದ ಶಿಲ್ಪಗಳಲ್ಲಿ ದೇವಾಲಯದ ಕವಚಗೆಲಸದ ಸಂಸ್ಕಾರವು ಕಾಣುತ್ತದೆ. ಕಸಬು ಅವರ ಕಲೆಯನ್ನು ಕುಗ್ಗಿಸಲಿಲ್ಲ, ಸಾಕಿತು, ಬೆಳೆಸಿತು.

ಕರ್ನಾಟಕಕ್ಕೆ ಬಂದರೆ ಬೀದರಿನ ಬಿದರಿ ಕೆಲಸವು ಯಾವ ಕಲಾಶಾಲೆಗಾದರೂ ಸಂಪೂರ್ಣ ಪಠ್ಯವಾಗಬಲ್ಲದು. ಹೆಚ್ಚು ಸತುವಿಗೆ ಅಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದು, ಅರದಿಂದ ನುಣುಪಾಗಿಸಿ, ಗೆರೆ ಕಾಣುವಂತೆ ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಚಿತ್ತಾರವನ್ನು ಕೊರೆದು, ಅದರೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರವನ್ನು ಬೆರೆಸಿ ತಿಕ್ಕಿದಾಗ ಒಡಲು ಕಪ್ಪಾಗುತ್ತದೆ, ಬೆಳ್ಳಿಯು ಬೆಳ್ಳಿಯಾಗಿಯೇ ಹೊಳೆಯುತ್ತದೆ. ಎರಕ, ಕೆತ್ತನೆ, ಕುಂದಣ, ರಸಾಯನ, ರೇಖಾವಿನ್ಯಾಸ ಐದೂ ಒಂದೇ ಹೂಜಿಯಲ್ಲಿವೆ. ಈ ಕಲೆಯ ಹಿರಿಯ ಕುಶಲಿಗಳಾದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಪ್ರಶಸ್ತಿಯನ್ನು ಕೊಡುವ ದೇಶವು ಇಂತಹ ಕುಶಲಿಗಳಿಗೆ ಬೋಧಕರ ಕುರ್ಚಿಯನ್ನೂ ಕೊಡುವುದು ನ್ಯಾಯವಲ್ಲವೇ?

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಮನೆತನದ ಕುಲುಮೆಯಲ್ಲಿ ಎಲ್ಲವೂ ಸರಿಯಾಗಿತ್ತೆಂದು ಹೇಳುವಂತಿಲ್ಲ. ಹುಡುಗನು ವರ್ಷಗಟ್ಟಲೆ ತಿದಿಯೊತ್ತುತ್ತ ಕುಳಿತರೂ ಕಾರಣವನ್ನು ಕೇಳುವಂತಿರಲಿಲ್ಲ. ಮರ್ಮವು ಮನೆಯಾಚೆ ಹೋಗುತ್ತಿರಲಿಲ್ಲ. ಅನ್ಯಕುಲದವರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯವಾಗಿ ಅಲ್ಲಿ ಎಡೆಯಿರಲಿಲ್ಲ. ಕಲಾಶಾಲೆಯ ಹಿರಿಮೆ ಇರುವುದು ಆ ಬಾಗಿಲನ್ನು ತೆರೆಯುವುದರಲ್ಲಿ, ಏಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ. ಆದರೆ ಬಾಗಿಲನ್ನು ತೆರೆದು ಒಳಗಿನ ಬೆಂಕಿಯನ್ನು ನಂದಿಸಿದರೆ ಪ್ರಯೋಜನವೇನು? ಇಂದು ಗಣಕಯಂತ್ರದ ತೆರೆಯ ಮೇಲೆ ಒಡವೆಯನ್ನು ರೂಪಿಸಿ, ಯಂತ್ರದಿಂದಲೇ ಮೇಣದ ಅಚ್ಚನ್ನು ಪಡೆಯುವ ಸೌಕರ್ಯವಿದೆ. ಅದನ್ನು ತಿರಸ್ಕರಿಸುವುದು ಅವಿವೇಕ. ಆದರೆ ತೆರೆಯ ಮೇಲಿನ ಓಲೆಗೆ ತೂಕವಿಲ್ಲ. ಕಿವಿಯ ತೂತು ಹರಿಯುವುದನ್ನು ಅದು ತಾನಾಗಿ ಎಚ್ಚರಿಸದು. ಕೈ ಬಲ್ಲವನಿಗೆ ಯಂತ್ರವು ಸೇವಕ; ಕೈ ಅರಿಯದವನಿಗೆ ಅದೇ ಒಡೆಯ.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಥಳೀಯ ಕುಶಲಕರ್ಮಿಗಳನ್ನು ಬೋಧಕರನ್ನಾಗಿ ನೇಮಿಸಿಕೊಳ್ಳಬೇಕೆಂದು ಸೂಚಿಸಿದೆ. ವರ್ಷಕ್ಕೊಮ್ಮೆ ಎರಡು ದಿನ ಕರೆಸಿ, ಶಾಲು ಹೊದಿಸಿ, ಛಾಯಾಚಿತ್ರ ತೆಗೆಸಿ ಬೀಳ್ಕೊಟ್ಟರೆ ಈ ಸೂಚನೆಯು ಸಾರ್ಥಕವಾಗದು. ಅಂಥವರಿಗೆ ವರ್ಷಪೂರ್ತಿ ಪಾಠ, ಸಮಾನ ವೇತನ, ಪರೀಕ್ಷಾಮಂಡಲಿಯಲ್ಲಿ ಸಮಾನ ಮತ ಇರಬೇಕು. ಪದವಿಯ ಕಾಗದವಿಲ್ಲವೆಂಬ ಕಾರಣದಿಂದ ಮೂವತ್ತು ವರ್ಷದ ಕೈಯನ್ನು ಹೊರಗಿರಿಸುವುದು, ಒರೆಗಲ್ಲನ್ನು ಎಸೆದು ಚೀಟಿಯನ್ನು ನೋಡಿ ಚಿನ್ನವನ್ನು ಕೊಂಡಂತೆ.

ಶರಣ ಪರಂಪರೆಗೆ ಈ ಮಾತು ಹೊಸದಲ್ಲ. ಅಕ್ಕಸಾಲೆಯ ವೃತ್ತಿಯವರೆಂದು ಸಂಪ್ರದಾಯವು ಹೇಳುವ ಕಿನ್ನರಿ ಬೊಮ್ಮಯ್ಯನವರಿಗೆ ಕಲ್ಯಾಣದ ಅನುಭಾವಿಗಳ ನಡುವೆ ಗೌರವದ ಆಸನವಿತ್ತು. ಲಿಂಗವನ್ನು ಇರಿಸುವ ಬೆಳ್ಳಿಯ ಕರಡಿಗೆಯನ್ನು ಎದೆಯ ಮೇಲೆ ಧರಿಸುವವರು ಅದರ ಮುಚ್ಚಳವು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡುವಂತೆ ಮಾಡಿದ ಕೈಯನ್ನು ಸ್ಮರಿಸುವುದು ಉಚಿತ. ವಿದ್ಯಾಸಂಸ್ಥೆಗಳಿಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟು ಗೋಡೆಯ ಮೇಲೆ ಹೆಸರನ್ನು ಉಳಿಸಿದ ದಾನಿಗಳು ಅನೇಕರು. ಒಂದು ಕುಲುಮೆ, ಹತ್ತು ಅಡಿಗಲ್ಲು, ಒಬ್ಬ ನುರಿತ ಪತ್ತಾರರ ವೇತನ, ಇಷ್ಟಕ್ಕೆ ಶಾಶ್ವತ ನಿಧಿಯನ್ನು ಇರಿಸುವ ದಾನಿಗಳೂ ಮುಂದೆ ಬರಲಿ. ಅವರ ಹೆಸರು ಗೋಡೆಯ ಮೇಲೆ ಕಾಣದಿದ್ದರೂ ವಿದ್ಯಾರ್ಥಿಗಳ ಕೈಯಲ್ಲಿ ಉಳಿದೀತು.